ಆಜ್ಞೆಯಾಯಿತು, ಮಗು ಬರಲಿಲ್ಲ

ಸಾಲದ ಡಿಕ್ರಿಯಲ್ಲಿ ಮನೆಯನ್ನೋ ಹೊಲವನ್ನೋ ಜಪ್ತಿ ಮಾಡುವಾಗ ತಮಟೆ ಹೊಡೆಸಿ ಸಾರಬೇಕೆಂದು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ವಿಧಿಸುತ್ತದೆ. 1908ರ ಸಂಹಿತೆ, 21ನೆಯ ಆರ್ಡರಿನ 54ನೆಯ ರೂಲು. ತಮಟೆ ಇಲ್ಲದಿದ್ದರೆ ಆ ಊರಿನ ರೂಢಿಯಂತೆ ಬೇರೆ ವಿಧದಿಂದಲಾದರೂ ಸಾರಬಹುದು. ಹಣದ ವಿಷಯದಲ್ಲಿ ನ್ಯಾಯಾಲಯ ಆಡಿದ ಮಾತು ಬರಿಯ ಕಾಗದವಾಗಿ ಬಿದ್ದಿರಬಾರದು, ಬೀದಿಯ ನಾಲ್ಕು ಜನರ ಕಿವಿಗೂ ಬೀಳಬೇಕು ಎಂಬುದು ಶಾಸನ ಬರೆದವರ ಅಭಿಪ್ರಾಯವಾಗಿದ್ದಿರಬೇಕು. ಅಭಿಪ್ರಾಯವೇನೋ ಒಳ್ಳೆಯದೇ.

ಆದರೆ ಅದೇ ನ್ಯಾಯಾಲಯ ಒಂದು ಮಗುವಿನ ವಿಷಯದಲ್ಲಿ ಮಾತಾಡಿದಾಗ ಏನಾಗುತ್ತದೆ? ಗಂಡಹೆಂಡಿರು ಬೇರೆಯಾಗಿದ್ದಾರೆ. ಮಗು ತಾಯಿಯ ಬಳಿ ಇರತಕ್ಕದ್ದು, ರಜೆಯಲ್ಲಿ ಇಷ್ಟು ದಿನ ತಂದೆಯ ಬಳಿ ಇದ್ದು ಇಂಥ ದಿನ ಇಂಥ ಹೊತ್ತಿಗೆ ಹಿಂದಿರುಗತಕ್ಕದ್ದು ಎಂದು ನ್ಯಾಯಾಧೀಶರು ಇಬ್ಬರ ವಾದವನ್ನೂ ಕೇಳಿ ತೀರ್ಮಾನಿಸಿದ್ದಾರೆ. ಆ ದಿನ ಬಂತು, ಆ ಹೊತ್ತೂ ಬಂತು, ಮಗು ಬರಲಿಲ್ಲ. ಆಗ ಯಾವ ತಮಟೆಯೂ ಮೊಳಗುವುದಿಲ್ಲ. ಪೊಲೀಸು ಠಾಣೆಗೆ ಹೋದರೆ, ‘ಇದು ಸಿವಿಲ್ ಮ್ಯಾಟರ್ ಕಣಮ್ಮ, ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಆಕೆ ಕೋರ್ಟಿನಿಂದಲೇ ಬಂದವಳು.

ನಾನು ಕಾನೂನು ಓದಿದವನಲ್ಲ. ಹಳಗನ್ನಡ ಪಾಠ ಮಾಡುವವನು. ಈ ವಿಷಯಕ್ಕೆ ಕೈಹಾಕಿದ್ದೇಕೆಂದು ವಾಚಕರು ಕೇಳಬಹುದು. ಕಾರಣವನ್ನು ಹೇಳಿಬಿಡುವುದೇ ಮೇಲು, ಏಕೆಂದರೆ ಈ ಲೇಖನದಲ್ಲಿ ನಾನು ಯಾರನ್ನು ಆಕ್ಷೇಪಿಸಲಿರುವೆನೋ ಅವರ ಪೈಕಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ, ಬೇರೊಂದು ವಿಭಾಗದಲ್ಲಿ, ಒಬ್ಬ ಸಹೋದ್ಯೋಗಿ ಇದ್ದರು. ಸಜ್ಜನರು. ಮಾತು ಮೃದು; ಯಾರಿಗೂ ಕೇಡು ಬಗೆದವರಲ್ಲ. ಅವರ ದಾಂಪತ್ಯ ಮುರಿಯಿತು. ಆರು ವರ್ಷದ ಗಂಡುಮಗು ತಾಯಿಯ ಬಳಿ, ದಕ್ಷಿಣ ಕನ್ನಡದಲ್ಲಿ. ಬೇಸಗೆ ರಜೆಯಲ್ಲಿ ಒಂದು ತಿಂಗಳು ಮಗು ತಂದೆಯ ಬಳಿಗೆ ಬರಬಹುದು, ಮೇ 20ರ ಸಂಜೆ 5 ಗಂಟೆಯೊಳಗೆ ಹಿಂದಕ್ಕೆ ಕಳಿಸಬೇಕು ಎಂದು ಕುಟುಂಬ ನ್ಯಾಯಾಲಯದ ಆಜ್ಞೆ. ಮಗು ಬಂತು. ಮೇ 20 ಕಳೆಯಿತು. ಜೂನ್ ಮೊದಲ ವಾರದಲ್ಲಿ ಸಹೋದ್ಯೋಗಿಗಳು ಸ್ಟಾಫ್ ರೂಮಿಗೆ ಪೇಢಾ ಹಂಚಿದರು: ಮಗನನ್ನು ನಮ್ಮ ಊರಿನ ಶಾಲೆಯಲ್ಲೇ ಒಂದನೆಯ ತರಗತಿಗೆ ಸೇರಿಸಿದ್ದಾಗಿತ್ತು.

ಪೇಢಾ ತಿಂದವರಲ್ಲಿ ಒಬ್ಬರೂ ‘ಕೋರ್ಟಿನ ಆಜ್ಞೆ ಏನಾಯಿತು ಸಾರ್?’ ಎಂದು ಕೇಳಲಿಲ್ಲ. ಬದಲಿಗೆ ನಾವು ಆಡಿದ ಮಾತುಗಳು ನನಗೆ ಈಗಲೂ ನೆನಪಿವೆ. ‘ಎಷ್ಟಾದರೂ ಹೆತ್ತ ತಂದೆಯಲ್ಲವೇ.’ ‘ಕಳ್ಳನ ಹತ್ತಿರವೇನೂ ಇಲ್ಲವಲ್ಲ ಮಗು.’ ‘ಆ ಕಡೆ ಸೆಕೆ, ಇಲ್ಲಿ ಹವೆ ಚೆನ್ನಾಗಿದೆ.’ ಕೊನೆಯ ಮಾತು ನನ್ನದು.

ಜುಲೈ ತಿಂಗಳ ಒಂದು ಮಧ್ಯಾಹ್ನ ಆ ತಾಯಿ ಕಾಲೇಜಿಗೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಎದುರಿಗೆ ಸಿಕ್ಕ ನನ್ನನ್ನು, ‘ಅವರು ಇದ್ದಾರಾ ಸಾರ್?’ ಎಂದು ಕೇಳಿದರು. ಅವರು ಗ್ರಂಥಾಲಯದಲ್ಲಿ ಕುಳಿತಿದ್ದರು. ನಾನು, ‘ಇಲ್ಲಮ್ಮ, ರಜೆಯಲ್ಲಿದ್ದಾರೆ’ ಎಂದೆ. ಯಾರೂ ಹಾಗೆ ಹೇಳೆಂದು ನನಗೆ ಹೇಳಿಕೊಟ್ಟಿರಲಿಲ್ಲ. ಸಂಸಾರದ ವಿಷಯ, ಕಾಲೇಜಿನಲ್ಲಿ ರಂಪವಾಗಬಾರದು ಎಂದಷ್ಟೇ ನನ್ನ ಬುದ್ಧಿಗೆ ಹೊಳೆದದ್ದು. ಆಕೆ ‘ಆಗಲಿ ಸಾರ್’ ಎಂದು ಮೆಟ್ಟಿಲಿಳಿದು ಹೋದರು. ರಂಪವೇನೂ ಆಗಲಿಲ್ಲ.

ಆಮೇಲೆ ನಡೆದದ್ದನ್ನು ವಿವರಿಸಿದರೆ ವಾಚಕರಿಗೆ ಬೇಸರವಾದೀತು. ಆದರೆ ಆ ಬೇಸರವೇ ಇಲ್ಲಿಯ ಮುಖ್ಯ ವಿಷಯ. ಆಕೆ ಅಮಲ್ಜಾರಿ ಅರ್ಜಿ ಹಾಕಿದರು. ನೋಟೀಸು ಹೊರಟಿತು, ಮನೆಗೆ ಬೀಗ ಹಾಕಿದೆ ಎಂದು ಷರಾ ಬರೆಸಿಕೊಂಡು ಹಿಂದಕ್ಕೆ ಬಂತು. ಎರಡನೆಯ ನೋಟೀಸು ತಲಪಿತು. ವಕೀಲರು ವಕಾಲತ್ತು ಹಾಕಿ ಕಾಲಾವಕಾಶ ಕೇಳಿದರು. ತಕರಾರು ಸಲ್ಲಿಸಲು ಒಂದು ವಾಯಿದೆ, ತಕರಾರಿಗೆ ಉತ್ತರ ಸಲ್ಲಿಸಲು ಇನ್ನೊಂದು. ದಸರೆಯ ರಜೆ ಬಂತು. ನವೆಂಬರಿನಲ್ಲಿ ಹೊಸ ವಾದ ಹುಟ್ಟಿತು: ಮಗು ಇಲ್ಲಿಗೆ ಹೊಂದಿಕೊಂಡಿದೆ, ಶಾಲೆಯಲ್ಲಿ ಗೆಳೆಯರಿದ್ದಾರೆ, ವರ್ಷದ ನಡುವೆ ಕೀಳಬಾರದು, ಅಲ್ಲದೆ ಮಗುವೇ ಹೋಗುವುದಿಲ್ಲ ಎನ್ನುತ್ತದೆ. ಆಪ್ತ ಸಲಹೆಗಾರರ ವರದಿಗೆಂದು ಮತ್ತೆರಡು ತಿಂಗಳು. ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸಬರು ಕಡತವನ್ನು ಮೊದಲಿನಿಂದ ಓದಬೇಕಲ್ಲ. ಒಟ್ಟು ಹದಿನಾರು ತಿಂಗಳು.

ನಡುವಯಸ್ಸಿನವನಾದ ನನಗೆ ಹದಿನಾರು ತಿಂಗಳೆಂದರೆ ಎರಡು ಬಾರಿ ಉತ್ತರಪತ್ರಿಕೆ ತಿದ್ದುವಷ್ಟರ ಕಾಲ. ಆರು ವರ್ಷದ ಮಗುವಿಗೆ ಅದು ತನಗೆ ನೆನಪಿರುವ ಆಯುಷ್ಯದ ಅರ್ಧ. ನ್ಯಾಯಾಲಯದ ಗೋಡೆಯ ಮೇಲಿನ ಕ್ಯಾಲೆಂಡರು ದೊಡ್ಡವರದು. ಅದರಲ್ಲಿ ಮಗುವಿನ ದಿನಗಳನ್ನು ಎಣಿಸುವ ಮನೆಯೇ ಇಲ್ಲ.

ನನ್ನ ಸಹೋದ್ಯೋಗಿ ಸುಳ್ಳು ಹೇಳಿದವರಲ್ಲ. ತಮ್ಮ ಕಡೆಗೆ ಕಾನೂನಿದೆ ಎಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ, 1956. ಅದರ 6ನೆಯ ಪ್ರಕರಣ. ಮಗುವಿನ ಸ್ವಾಭಾವಿಕ ಪಾಲಕ ತಂದೆ, ಅವನ ಅನಂತರ ತಾಯಿ. ಇದನ್ನು ಅವರು ನಮಗೆ ಬಾಯಿಪಾಠ ಒಪ್ಪಿಸುತ್ತಿದ್ದರು. ಅದೇ ಅಧಿನಿಯಮದ 13ನೆಯ ಪ್ರಕರಣ ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲೆಂದು ಹೇಳುವುದನ್ನು ಅವರು ಒಪ್ಪಿಸುತ್ತಿರಲಿಲ್ಲ. ‘ಅನಂತರ’ ಎಂಬ ಆ ಒಂದು ಪದಕ್ಕೆ ತಂದೆ ಸತ್ತ ಮೇಲೆ ಎಂಬ ಅರ್ಥವನ್ನೇ ಕಟ್ಟಬೇಕಾಗಿಲ್ಲ, ತಂದೆ ಮಗುವಿನ ಹೊಣೆ ಹೊರದಿರುವಾಗಲೂ ತಾಯಿ ಪಾಲಕಳಾಗಬಲ್ಲಳು ಎಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ಮೊಕದ್ದಮೆಯನ್ನು ಹೂಡಿದವರು ಕಾದಂಬರಿಕಾರ್ತಿ ಗೀತಾ ಹರಿಹರನ್. ಪದಾರ್ಥ ನಿರ್ಣಯಕ್ಕಾಗಿ ಒಬ್ಬ ಲೇಖಕಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರೆಂಬುದು ಭಾಷೆಯ ಮೇಷ್ಟರಾದ ನಮಗೆ ಸಂತೋಷದ ಸಂಗತಿಯೇ. ಅದಿರಲಿ. ಸ್ವಾಭಾವಿಕ ಪಾಲಕ ಯಾರೇ ಆಗಿರಲಿ, ಇಬ್ಬರ ಮಾತನ್ನೂ ಕೇಳಿ ಒಂದು ಆಜ್ಞೆಯಾದ ಮೇಲೆ ಆ ವಾದ ಅಲ್ಲಿಗೆ ಮುಗಿಯಿತು. ಒಪ್ಪಿಗೆಯಿಲ್ಲದವರು ಮೇಲ್ಮನವಿ ಮಾಡಲಿ. ಮಗುವನ್ನು ಕೋಣೆಯಲ್ಲಿಟ್ಟುಕೊಂಡು ಮಾಡುವ ಮೇಲ್ಮನವಿಗೆ ಕಾನೂನಿನಲ್ಲಿ ಬೇರೆ ಹೆಸರಿದೆ.

ಆಜ್ಞೆಯನ್ನು ಮೀರಿದವನಿಗೆ ಶಿಕ್ಷೆಯೇ ಇಲ್ಲವೆ? ಇದೆ. ಅದನ್ನು ಓದಿದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟಿನ 45ನೆಯ ಪ್ರಕರಣದಂತೆ, ಮಗುವನ್ನು ಹಾಜರುಪಡಿಸದೆ ಹೋದವನಿಗೆ, ಅಥವಾ ಹಿಂದಿರುಗಿಸಲು ಯತ್ನಿಸದೆ ಹೋದವನಿಗೆ, ರೂ. 100ರವರೆಗೆ ದಂಡ. ಆಮೇಲೂ ಹಟ ಹಿಡಿದರೆ ದಿನಕ್ಕೆ ರೂ. 10ರವರೆಗೆ, ಎಲ್ಲ ಕೂಡಿದರೂ ರೂ. 500 ಮೀರಕೂಡದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನೂರು ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ, ಒಪ್ಪಿದೆ. ಇಂದು ಪಟ್ಟಣದ ಒಂದು ಹೋಟೆಲಿನಲ್ಲಿ ಗಂಡಹೆಂಡಿರು ಕುಳಿತು ಊಟಮಾಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ನಾಣ್ಯದ ಲೆಕ್ಕ ಆಣೆಪೈಯಿಂದ ದಶಮಾನಕ್ಕೆ ತಿರುಗಿತು. ಮಗುವನ್ನು ಬಚ್ಚಿಟ್ಟವನ ದಂಡ ಮಾತ್ರ ಇದ್ದಲ್ಲೇ ಇದೆ.

ನ್ಯಾಯವಾಗಿ ಹೇಳಬೇಕೆಂದರೆ, ಅದೇ ಪ್ರಕರಣದಲ್ಲಿ ಸಿವಿಲ್ ಸೆರೆಮನೆಯೂ ಇದೆ. ಮಗುವನ್ನು ತಂದೊಪ್ಪಿಸುತ್ತೇನೆಂದು ಮುಚ್ಚಳಿಕೆ ಕೊಡುವವರೆಗೆ ಒಳಗಿಡಬಹುದು. ಕೊಟ್ಟು ತಪ್ಪಿದರೆ ಮತ್ತೆ ಹಿಡಿದು ತರಬಹುದು. ಶಾಸನ ಹಲ್ಲಿಲ್ಲದ್ದಲ್ಲ, ಬಾಯಿ ತೆರೆಯಲೊಲ್ಲದ್ದು. ಇನ್ನು ಡಿಕ್ರಿಯ ಅಮಲ್ಜಾರಿಯಲ್ಲಿ ಪ್ರತಿವಾದಿಯನ್ನು ಬಂಧಿಸಬೇಕಾದರೆ ಅವನ ಊಟದ ಖರ್ಚಿಗೆ ಡಿಕ್ರಿದಾರರೇ ಮುಂಗಡ ಹಣ ಕಟ್ಟಬೇಕೆಂದು ಸಿವಿಲ್ ಸಂಹಿತೆಯ ನಿಯಮ. ಸಾಲಗಾರನ ವಿಷಯಕ್ಕೆ ಮಾಡಿದ ಈ ನಿಯಮವನ್ನು, ತನ್ನ ಮಗುವನ್ನು ಬಿಡಿಸಿಕೊಳ್ಳಬೇಕೆಂದು ಬಂದವಳ ಪಕ್ಕದಲ್ಲಿಟ್ಟು ನೋಡಿ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮ ಎಷ್ಟೋ ಒಳ್ಳೆಯ ಆಶಯಗಳಿಂದ ಹುಟ್ಟಿತು: ರಾಜಿಗೆ ಯತ್ನಿಸಬೇಕು, ವಕೀಲರ ಅಬ್ಬರ ಕಡಮೆಯಾಗಬೇಕು. ಆದರೆ ಅಮಲ್ಜಾರಿಯ ಮಾತು ಬಂದಾಗ ಅದರ 18ನೆಯ ಪ್ರಕರಣವು ನಮ್ಮನ್ನು ಮತ್ತೆ ಆ 1908ರ ಸಂಹಿತೆಯ ಮನೆಬಾಗಿಲಿಗೇ ತಂದು ಬಿಡುತ್ತದೆ. ಗದ್ದೆಯ ಪಾಲು ಬಿಡಿಸಿಕೊಳ್ಳುವ ದಾರಿಯಲ್ಲೇ ಮಗುವೂ ಬರಬೇಕು.

ಇನ್ನೊಂದು ಪದದ ವಿಷಯ ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾಗುತ್ತದೆ. ಅದೇ 1890ರ ಆಕ್ಟಿನ 25ನೆಯ ಪ್ರಕರಣ, ಪಾಲಕರ ವಶದಿಂದ ಹೋದ ಮಗುವನ್ನು ಹಿಂದಕ್ಕೆ ತರುವ ಸಲುವಾಗಿ, ಮಗುವನ್ನು ‘ಅರೆಸ್ಟ್’ ಮಾಡಿಸಬಹುದು ಎನ್ನುತ್ತದೆ. ತಂದೆಯನ್ನಲ್ಲ, ತಾಯಿಯನ್ನಲ್ಲ, ಮಗುವನ್ನು! ತಪ್ಪು ಮಾಡಿದವನಿಗೆ ನೂರು ರೂಪಾಯಿ. ಏನೂ ಅರಿಯದ ಕೂಸಿಗೆ ದಸ್ತಗಿರಿ. ಆ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಹಿಡಿದು ತರುವುದು ಎಂಬಷ್ಟೇ ಅರ್ಥವಿದ್ದೀತು ಎಂದು ಕಾನೂನು ಬಲ್ಲ ಮಿತ್ರರೊಬ್ಬರು ಸಮಾಧಾನ ಹೇಳಿದರು. ಇರಬಹುದು. ಆದರೂ ಆ ಪದವನ್ನು ಯಾರಾದರೂ ಅಲ್ಲಿಂದ ಎತ್ತಿ ಹಾಕಬಹುದಾಗಿತ್ತು. ಬೆಂಗಳೂರಿನಲ್ಲಿ ಕುಟುಂಬ ನ್ಯಾಯಾಲಯಗಳಿರುವ ಕಟ್ಟಡಕ್ಕೆ ‘ನ್ಯಾಯ ದೇಗುಲ’ ಎಂದು ಹೆಸರಿಟ್ಟವರಿಗೆ ಭಾಷೆಯ ಪ್ರಜ್ಞೆಯಿತ್ತು. ದೇಗುಲದ ಒಳಗೆ ಓದುವ ಮಂತ್ರವನ್ನೂ ಒಂದಿಷ್ಟು ತಿದ್ದಬಾರದೆ?

ನ್ಯಾಯಾಂಗ ನಿಂದನೆಯ ದಾರಿ ಇದೆಯಲ್ಲ ಎನ್ನುವರು. 1971ರ ಅಧಿನಿಯಮ, ಬೇಕೆಂದೇ ಆಜ್ಞೆ ಮೀರಿದವನಿಗೆ ಆರು ತಿಂಗಳವರೆಗೆ ಸಾದಾ ಸೆರೆ, ಅಥವಾ ರೂ. 2,000ದವರೆಗೆ ದಂಡ, ಅಥವಾ ಎರಡೂ. ಆದರೆ ಕೆಳಗಿನ ನ್ಯಾಯಾಲಯದ ನಿಂದನೆಗೆ ಶಿಕ್ಷಿಸುವವರು ಉಚ್ಚ ನ್ಯಾಯಾಲಯದವರು. ಬೇರೆ ಊರು, ಬೇರೆ ವಕೀಲರು, ಬೇರೆ ಫೀಸು. ಒಂದು ವರ್ಷದೊಳಗೆ ಹೋಗಬೇಕು. ಆ ಒಂದು ವರ್ಷವೋ ಕೆಳಗಿನ ವಾಯಿದೆಗಳಲ್ಲೇ ಕರಗಿರುತ್ತದೆ. ಹೋದರೆ ಪ್ರತಿವಾದಿ ಕ್ಷಮಾಪಣೆಯ ಪ್ರಮಾಣಪತ್ರ ಹಾಕುತ್ತಾನೆ. ಕ್ಷಮೆ ಕೇಳಿದವನ ಶಿಕ್ಷೆಯನ್ನು ಬಿಡಬಹುದೆಂದು ಆ ಶಾಸನದಲ್ಲೇ ಇದೆ. ಹೇಬಿಯಸ್ ಕಾರ್ಪಸ್ ಅರ್ಜಿಯೂ ಉಂಟು; ಮಗು ಕಾನೂನಿನ ಅಧಿಕಾರವಿಲ್ಲದವರ ವಶದಲ್ಲಿದ್ದರೆ ಅದು ನಡೆಯುತ್ತದೆ ಎಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಅದೂ ಮೇಲಿನ ಮೆಟ್ಟಿಲೇ. ಜಿಲ್ಲೆಯ ಊರಿನಲ್ಲಿ ಸಣ್ಣ ಸಂಬಳಕ್ಕೆ ದುಡಿಯುವ ಒಬ್ಬ ತಾಯಿ ಎಷ್ಟು ಮೆಟ್ಟಿಲು ಹತ್ತಬಲ್ಲಳು?

ಜಾತಕ ಕಥೆಗಳಲ್ಲಿ ಮಹೋಷಧ ಪಂಡಿತನ ತೀರ್ಪು ನಮಗೆಲ್ಲ ಗೊತ್ತಿರುವುದೇ. ಒಂದು ಮಗುವಿಗಾಗಿ ತಾಯಿಯೂ ಯಕ್ಷಿಣಿಯೂ ಜಗಳವಾಡುತ್ತಾರೆ. ಪಂಡಿತ ನೆಲದ ಮೇಲೆ ಗೆರೆ ಎಳೆದು, ಮಗುವನ್ನು ನಡುವೆ ಮಲಗಿಸಿ, ಎಳೆದುಕೊಂಡವಳಿಗೇ ಮಗು ಎನ್ನುತ್ತಾನೆ. ಎಳೆತಕ್ಕೆ ಮಗು ಚೀರುತ್ತದೆ. ಒಬ್ಬಳು ಕೈಬಿಟ್ಟು ಅಳುತ್ತಾಳೆ. ಕೈಬಿಟ್ಟವಳೇ ತಾಯಿ ಎಂದು ಪಂಡಿತ ಅವಳಿಗೆ ಮಗುವನ್ನು ಕೊಡಿಸುತ್ತಾನೆ. ಸೊಲೊಮನ್ ದೊರೆಯ ಕಥೆಯ ತಿರುಳೂ ಇದೇ. ನಾನು ಈ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗ ಒಂದು ಸಂಗತಿ ಹೊಳೆದಿರಲಿಲ್ಲ: ಕಥೆ ತೀರ್ಪಿನೊಡನೆ ಮುಗಿಯುತ್ತದೆ. ಯಕ್ಷಿಣಿ ಮಗುವನ್ನು ಬಿಡದೆ ಓಡಿಹೋಗಿದ್ದರೆ? ‘ನನ್ನ ಬಳಿ ಹದಿನಾರು ತಿಂಗಳಿನಿಂದ ಇದೆ, ಹೊಂದಿಕೊಂಡಿದೆ, ಈಗ ಕೀಳಬೇಡಿ’ ಎಂದು ಮತ್ತೊಂದು ಅರ್ಜಿ ಹಾಕಿದ್ದರೆ? ಕಥೆಯಲ್ಲಿ ಕೈಬಿಟ್ಟವಳು ಗೆದ್ದಳು. ನಮ್ಮಲ್ಲಿ ಬಿಗಿಯಾಗಿ ಹಿಡಿದವರು ಗೆಲ್ಲುತ್ತಾರೆ. ಮಗುವಿಗೆ ನೋವಾದೀತೆಂದು ಎಳೆದಾಡದೆ ನ್ಯಾಯಾಲಯದ ದಾರಿ ಕಾಯುವವರು ಯಾರೋ ಅವರೇ ಸೋಲುತ್ತಾರೆ.

ಇದು ಕೇವಲ ನನ್ನ ಕಹಿ ಎಂದು ತಿಳಿಯಬಾರದು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಂಥದೇ ಒಂದು ಮೊಕದ್ದಮೆ ಬಂತು. ಮಗು ಬಹುಕಾಲದಿಂದ ತಂದೆಯ ಬಳಿಯೇ ಬೆಳೆದಿದೆ, ಆದ್ದರಿಂದ ಅಲ್ಲೇ ಇರಲಿ ಎಂಬುದೇ ತಂದೆಯ ಬಲವಾದ ವಾದ. ನ್ಯಾಯಾಲಯ ಒಪ್ಪಲಿಲ್ಲ. ಆಜ್ಞೆಗಳನ್ನು ಒಂದರ ಮೇಲೊಂದು ಮೀರಿಯೇ ಆತ ಮಗುವನ್ನು ಉಳಿಸಿಕೊಂಡದ್ದು, ತನ್ನ ತಪ್ಪಿನ ಫಲವನ್ನು ತಾನೇ ಉಣ್ಣಲು ಬಿಡಲಾಗದು ಎಂಬ ಭಾವದ ಮಾತು ಹೇಳಿ ಮಗುವನ್ನು ತಾಯಿಗೆ ಕೊಡಿಸಿತು. ದೊಡ್ಡ ತೀರ್ಪು. ಆದರೆ ಅದನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಪಡೆಯಬೇಕಾಯಿತು. ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. ಆ ಮಾತನ್ನು ಮೊದಲ ವಾಯಿದೆಯ ದಿನ, ಮೊದಲ ಮೆಟ್ಟಿಲಿನಲ್ಲಿ, ಕೆಳಗಿನ ನ್ಯಾಯಾಧೀಶರು ಹೇಳುವಂತಾಗಬೇಕೆಂಬುದೇ ನನ್ನ ವಾದದ ಸಾರ.

ಇಷ್ಟು ಬರೆದದ್ದನ್ನು ಓದಿ ತಂದೆಯಂದಿರೆಲ್ಲ ಕೆಟ್ಟವರು, ತಾಯಂದಿರೆಲ್ಲ ಪುಣ್ಯಕೋಟಿಗಳು ಎಂಬ ಪಕ್ಷ ನನ್ನದೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ನಮ್ಮ ಬಡಾವಣೆಯಲ್ಲೇ ಒಂದು ಮನೆಯಿದೆ. ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಬೆಳಗ್ಗೆ 10 ಗಂಟೆಗೆ ಒಬ್ಬ ಮನುಷ್ಯ ಸ್ಕೂಟರಿನಲ್ಲಿ ಬಂದು ಗೇಟಿನ ಮುಂದೆ ನಿಲ್ಲುತ್ತಿದ್ದ. ಕೈಯಲ್ಲಿ ಬಟ್ಟೆಯ ಚೀಲ; ಮಗಳಿಗೆ ತಂದದ್ದು. ಒಳಗಿನಿಂದ ಅಜ್ಜಿ ಬಂದು, ‘ಮಗುವಿಗೆ ಜ್ವರ’ ಎನ್ನುತ್ತಿದ್ದರು. ಇನ್ನೊಂದು ಭಾನುವಾರ ಟ್ಯೂಷನ್, ಮತ್ತೊಂದು ಭಾನುವಾರ ಮನೆದೇವರಿಗೆ ಹೋಗಿದ್ದಾರೆ. ಆತ ಅರ್ಧ ಗಂಟೆ ನಿಂತು, ಗೇಟಿಗೆ ಚೀಲ ತೂಗುಹಾಕಿ ಹೋಗುತ್ತಿದ್ದ. ಆ ಚೀಲ ಸಂಜೆಯವರೆಗೂ ಅಲ್ಲೇ ತೂಗುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಅವನ ಕೈಯಲ್ಲಿಯೂ ನ್ಯಾಯಾಲಯದ ಆಜ್ಞೆ ಇತ್ತು. ವಶದ ಆಜ್ಞೆಯನ್ನು ಮೀರಿದರೆ ಗಲಾಟೆಯಾದರೂ ಆಗುತ್ತದೆ. ಭೇಟಿಯ ಆಜ್ಞೆಯನ್ನು ಮೀರಿದರೆ ಅದು ಮೀರಿದ್ದೆಂದೇ ಯಾರೂ ಎಣಿಸುವುದಿಲ್ಲ. ಎರಡು ಗಂಟೆಯ ಭೇಟಿಗಾಗಿ ಅಮಲ್ಜಾರಿ ಅರ್ಜಿ ಹಾಕಿ ಎರಡು ವರ್ಷ ತಿರುಗುವವನನ್ನು ವಕೀಲರೇ ಪೆದ್ದನೆನ್ನುತ್ತಾರೆ. ಮಗುವಿಗೆ ತಂದೆತಾಯಿ ಇಬ್ಬರ ಪ್ರೀತಿಗೂ ಹಕ್ಕಿದೆ, ದೂರದಲ್ಲಿದ್ದರೆ ವಿಡಿಯೋ ಕರೆಯಲ್ಲಾದರೂ ಮಾತಾಡಿಸಬೇಕು ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕರೆ ಮಾಡಬಹುದು. ಆ ಕಡೆ ಫೋನನ್ನು ಎತ್ತಬೇಕಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ. ಅದನ್ನು ಹಾರಿಸಿಕೊಂಡು ಹೋಗಲಾರೆ. ಹೆಣ್ಣುಮಕ್ಕಳ ಪರವಾಗಿ ದುಡಿಯುವ ಒಬ್ಬ ವಕೀಲೆ ನನಗೆ ಹೇಳಿದರು: ‘ಮೇಷ್ಟ್ರೇ, ಹೊಡೆಯುವ ಗಂಡ, ಕುಡಿದು ಬರುವ ಗಂಡ, ಮಗುವನ್ನು ನೋಡುವ ನೆಪದಲ್ಲಿ ಹೆಂಡತಿಯನ್ನು ಬೆದರಿಸಲು ಬರುವ ಗಂಡ, ಅವನ ಕೈಗೆ ಮಗುವನ್ನು ಕೊಡು ಎಂದು ಪೊಲೀಸರನ್ನು ಕಳಿಸುತ್ತೀರಾ?’ ಇಲ್ಲ, ಕಳಿಸುವುದಿಲ್ಲ. ಅಂಥ ತಾಯಿ ಬಾಗಿಲು ಹಾಕಿಕೊಂಡರೆ ಅದು ಬರಿಯ ಹಟವಲ್ಲ. ಆದರೆ ಆಕೆಗೂ ಬೇಕಾದದ್ದು ಬೇಗ ಕೇಳುವ ನ್ಯಾಯಾಲಯವೇ. ಆಜ್ಞೆ ಮೀರಿದ ವಾರದೊಳಗೆ ಇಬ್ಬರನ್ನೂ ಕರೆದು ಕೇಳುವುದಾದರೆ, ಭಯವಿರುವವಳು ತನ್ನ ಭಯವನ್ನು ಅಂದೇ ಹೇಳುತ್ತಾಳೆ, ಆಜ್ಞೆ ಅಂದೇ ತಿದ್ದುಪಡಿಯಾಗುತ್ತದೆ. ನೆಪ ಹೇಳುವವಳ ನೆಪವೂ ಅಂದೇ ಬಯಲಾಗುತ್ತದೆ. ಹದಿನಾರು ತಿಂಗಳು ಎಳೆದರೆ ನಿಜವಾದ ಭಯವೂ ಸುಳ್ಳು ನೆಪವೂ ಒಂದೇ ಕಡತದಲ್ಲಿ ಒಂದೇ ಬಣ್ಣಕ್ಕೆ ತಿರುಗುತ್ತವೆ. ಆಜ್ಞೆ ತಪ್ಪಾಗಿದ್ದರೆ ತಿದ್ದುವವರು ನ್ಯಾಯಾಧೀಶರು. ಅಜ್ಜಿಯಲ್ಲ, ಸೋದರಮಾವನಲ್ಲ, ಸ್ಟಾಫ್ ರೂಮಿನ ಗೆಳೆಯರೂ ಅಲ್ಲ.

‘ಮಗುವೇ ಹೋಗಲೊಲ್ಲದು’ ಎಂಬ ವಾದ ಇದಕ್ಕಿಂತ ಸೂಕ್ಷ್ಮವಾದದ್ದು. ಹನ್ನೆರಡು ಹದಿಮೂರರ ಮಗು ಹಾಗೆಂದರೆ ಕೂರಿಸಿ ಕೇಳಬೇಕು, ಅದರ ಮಾತಿಗೆ ತೂಕ ಕೊಡಬೇಕು. ಆರರ ಮಗು, ವರ್ಷದಿಂದ ಒಬ್ಬರ ಮಾತನ್ನೇ ಕೇಳಿ, ಒಬ್ಬರ ಮುಖವನ್ನೇ ನೋಡಿ ಬೆಳೆದದ್ದು, ಒಲ್ಲೆನೆಂದರೆ ಅದು ಯಾರ ಮಾತು? ನಾನು ಉರು ಹೊಡೆಸಿದ ಪದ್ಯವನ್ನು ವಿದ್ಯಾರ್ಥಿ ಒಪ್ಪಿಸಿದರೆ ಅದನ್ನು ಅವನೇ ಬರೆದನೆಂದು ನಾನು ಅಂಕ ಕೊಡುವುದಿಲ್ಲ.

ಹಾಗಾದರೆ ಎಲ್ಲ ತಪ್ಪಿತಸ್ಥರನ್ನೂ ಸೆರೆಮನೆಗೆ ಅಟ್ಟಬೇಕೆ? ತಂದೆಯನ್ನು ಜೈಲಿಗೆ ಕಳಿಸಿದವಳೆಂದು ಮಗು ಮುಂದೆ ತಾಯಿಯನ್ನೇ ದ್ವೇಷಿಸೀತು. ಆದ್ದರಿಂದ ಸೆರೆಮನೆ ಕಟ್ಟಕಡೆಗೆ ಇರಲಿ. ಅದಕ್ಕೆ ಮೊದಲು ಮಾಡಬಹುದಾದ್ದು ಬೇಕಾದಷ್ಟಿದೆ. ಬೇರೆ ದೇಶಗಳವರು ಮಾಡಿಯೂ ಇದ್ದಾರೆ. ಭೇಟಿಯ ಆಜ್ಞೆಯನ್ನು ಮೀರಿದವರಿಗೆ 40ರಿಂದ 200 ಗಂಟೆಗಳವರೆಗೆ ಸಂಬಳವಿಲ್ಲದ ಸಾರ್ವಜನಿಕ ಕೆಲಸ ವಿಧಿಸಬಹುದೆಂದು ಇಂಗ್ಲೆಂಡಿನವರು 2006ರ ಶಾಸನದಿಂದ ನಿಯಮ ಮಾಡಿಕೊಂಡರು. ಮಗುವಿನೊಡನೆ ಪ್ರವಾಸಕ್ಕೆಂದು ಟಿಕೆಟು ಕೊಂಡು ಹಣ ಕಳೆದುಕೊಂಡವರಿಗೆ ಆ ನಷ್ಟವನ್ನೂ ತುಂಬಿಸಿ ಕೊಡಿಸಬಹುದು. ಜರ್ಮನಿಯಲ್ಲಿ ದಂಡ 25,000 ಯೂರೋದವರೆಗೆ ಹೋಗಬಹುದು. ಅಲ್ಲಿಯ ಶಾಸನದಲ್ಲಿ ಇನ್ನೂ ಒಂದು ಮಾತಿದೆ: ಭೇಟಿಯ ಆಜ್ಞೆಯ ಜಾರಿಗಾಗಿ ಮಗುವಿನ ಮೇಲೆ ಬಲಪ್ರಯೋಗ ಮಾಡಕೂಡದು. ನಮ್ಮ ‘ಅರೆಸ್ಟ್’ ಪದವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮಲ್ಲಿ ಇದಕ್ಕೆ ಆಕಾಶದಿಂದ ಏನೂ ಇಳಿಯಬೇಕಾಗಿಲ್ಲ. ಆಜ್ಞೆ ಬರೆಯುವಾಗಲೇ ‘ರಜೆಯಲ್ಲಿ ಸೂಕ್ತ ಕಾಲ’ ಎಂಬಂಥ ಜಾರು ಮಾತು ಬಿಟ್ಟು ತಾರೀಖು, ಗಂಟೆ, ಸ್ಥಳ ಬರೆಯಬಹುದು. ಮೀರಿದರೆ ಏನಾಗುತ್ತದೆಂಬುದನ್ನೂ ಅಲ್ಲೇ ಬರೆಯಬಹುದು. ಕಳೆದುಹೋದ ಭಾನುವಾರಕ್ಕೆ ಎರಡು ಭಾನುವಾರ ಕೊಡಿಸಬಹುದು. ಎದುರು ಪಕ್ಷದ ಬಸ್ ಖರ್ಚು, ವಕೀಲರ ಖರ್ಚು ಮೀರಿದವರ ತಲೆಗೇ ಕಟ್ಟಬಹುದು. ಮತ್ತೆ ಮತ್ತೆ ಮೀರುವವರು ಮಗುವಿನ ಹಿತ ಕಾಯಲು ತಕ್ಕವರೇ ಎಂಬ ಪ್ರಶ್ನೆಯನ್ನೂ ಎತ್ತಬಹುದು. ಆ 1890ರ ದಂಡವನ್ನು ಬದಲಿಸಬೇಕಾದವರು ಸಂಸತ್ತಿನವರು. ಪಾಲಕತ್ವದ ಕಾನೂನುಗಳ ಸುಧಾರಣೆಯ ಬಗೆಗೆ ಕಾನೂನು ಆಯೋಗ 2015ರಲ್ಲಿ ತನ್ನ 257ನೆಯ ವರದಿಯನ್ನು ಕೊಟ್ಟು, ಜಂಟಿ ಪಾಲನೆಯ ಮಾತನ್ನೂ ಎತ್ತಿತ್ತು. ವರದಿಗಳಿಗೆ ನಮ್ಮಲ್ಲಿ ಒಳ್ಳೆಯ ಕಪಾಟುಗಳಿವೆ.

ಸಮುದ್ರದಾಚೆಯ ಸಂಸಾರಗಳ ವಿಷಯವೇ ಬೇರೆ ಲೇಖನವಾದೀತು. ಬೆಂಗಳೂರು ಮೈಸೂರುಗಳಲ್ಲಿ ಅಮೆರಿಕದ ನಂಟಿಲ್ಲದ ಬೀದಿಯೇ ಇಲ್ಲವಾದ್ದರಿಂದ ಒಂದು ಮಾತು ಹೇಳುತ್ತೇನೆ. ಅಮೆರಿಕದ ನ್ಯಾಯಾಲಯ ತಾಯಿಗೆ ಕೊಡಿಸಿದ್ದ ಮಗುವನ್ನು ತಂದೆಯೊಬ್ಬ ಭೇಟಿಯ ದಿನ ಶಾಲೆಯಿಂದಲೇ ಎತ್ತಿಕೊಂಡು ಭಾರತಕ್ಕೆ ವಿಮಾನ ಹತ್ತಿದ. ತಾಯಿ ದೆಹಲಿಗೆ ಬಂದು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದಳು. ಮಗುವನ್ನು ಎತ್ತಿಕೊಂಡು ಬಂದದ್ದು, ತಾಯಿಗೆ ಒಪ್ಪಿಸಿರೆಂಬ ತೀರ್ಪಾದದ್ದು ಎರಡೂ 1986ರಲ್ಲೇ, ಒಂದೇ ವರ್ಷದೊಳಗೆ. ಮನಸ್ಸಿದ್ದರೆ ಬೇಗ ಆಗುವುದಿಲ್ಲವೆಂದಲ್ಲ. ಹೀಗೆ ದೇಶ ದಾಟಿಸಿದ ಮಕ್ಕಳನ್ನು ಹಿಂದಿರುಗಿಸುವ ಬಗೆಗೆ 1980ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದಕ್ಕೆ ಭಾರತ ಮಾತ್ರ ಇನ್ನೂ ಸೇರಿಲ್ಲ.

ನ್ಯಾಯಾಲಯಗಳನ್ನು ಇಷ್ಟೆಲ್ಲ ಅಂದದ್ದಾಯಿತು. ಆದರೆ ಆಜ್ಞೆಯನ್ನು ಮೀರುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೆ ಒಂದು ಊರು ಬೇಕು. ಬಾಗಿಲಲ್ಲಿ ನಿಂತು ಜ್ವರವೆನ್ನುವ ಅಜ್ಜಿ ಬೇಕು. ಮಗುವಿನ ಜನನಪತ್ರ ನೋಡಿ, ಹಿಂದಿನ ಶಾಲೆಯನ್ನಾಗಲಿ ತಾಯಿಯ ರುಜುವನ್ನಾಗಲಿ ಕೇಳದೆ ಸೇರಿಸಿಕೊಳ್ಳುವ ಮುಖ್ಯೋಪಾಧ್ಯಾಯರು ಬೇಕು. ‘ಎಳೆಯುತ್ತಾ ಹೋಗೋಣ ಬಿಡಿ ಸಾರ್, ಆಮೇಲೆ ಮಗುವೇ ಬರುವುದಿಲ್ಲ ಅನ್ನುತ್ತೆ’ ಎಂದು ಧೈರ್ಯ ಹೇಳುವ ವಕೀಲರು ಬೇಕು. ನೋಟೀಸು ತಂದ ಅಮೀನನಿಗೆ ‘ಮನೆಯಲ್ಲಿಲ್ಲ’ ಎನ್ನುವ ಪಕ್ಕದ ಮನೆಯವರು ಬೇಕು. ಪೇಢಾ ತಿನ್ನುವ ಸ್ಟಾಫ್ ರೂಮು ಬೇಕು. ಬ್ಯಾಂಕಿಗೆ ಸಾಲ ಕಟ್ಟದವನ ಮಗಳನ್ನು ತಂದುಕೊಳ್ಳಲು ಹಿಂದುಮುಂದು ನೋಡುವ ನಾವು, ಕೋರ್ಟಿನ ಆಜ್ಞೆ ಮೀರಿ ಮಗುವನ್ನು ಬಚ್ಚಿಟ್ಟವನನ್ನು ಗೃಹಪ್ರವೇಶಕ್ಕೆ ಕರೆದು ತಾಂಬೂಲ ಕೊಡುತ್ತೇವೆ. ಇದು ಮನೆಯ ವಿಷಯವಂತೆ. ಮನೆಯವರು ತಮ್ಮಿಂದ ತೀರದೆಂದು ನ್ಯಾಯಾಲಯಕ್ಕೆ ಹೋದ ದಿನವೇ ಅದು ಮನೆಯ ವಿಷಯವಾಗಿ ಉಳಿಯಲಿಲ್ಲ.

ನನ್ನ ಸಹೋದ್ಯೋಗಿಯ ಮಗ ಹದಿನಾರು ತಿಂಗಳ ಮೇಲೆ, ಒಂದು ಸೆಪ್ಟೆಂಬರಿನಲ್ಲಿ, ನ್ಯಾಯಾಧೀಶರ ಎದುರಿಗೇ ತಾಯಿಯ ಕೈಸೇರಿದ. ದಂಡವೇನೂ ಆಗಲಿಲ್ಲ. ಮರುವರ್ಷ ಮಂಗಳೂರಿನಲ್ಲಿ ಒಂದು ವಿಚಾರಸಂಕಿರಣಕ್ಕೆ ಹೋಗಿದ್ದಾಗ ಆಕೆಯನ್ನು ಅಕಸ್ಮಾತ್ತಾಗಿ ಬಸ್ ನಿಲ್ದಾಣದಲ್ಲಿ ಕಂಡೆ. ನನ್ನ ಗುರುತು ಆಕೆಗೆ ಹತ್ತಿತು. ಅಂದಿನ ಸುಳ್ಳಿಗೆ ಕ್ಷಮೆ ಕೇಳಿದೆ. ‘ನೀವು ಗ್ರಂಥಾಲಯದ ಕಡೆ ನೋಡಿಯೇ ಇಲ್ಲ ಅಂದಿರಿ ಸಾರ್, ನನಗೆ ಆಗಲೇ ಗೊತ್ತಾಗಿತ್ತು’ ಎಂದರು. ಹುಡುಗ ಪಕ್ಕದಲ್ಲೇ ನಿಂತು ಕಡಲೆಕಾಯಿ ತಿನ್ನುತ್ತಿದ್ದ. ಮನೆಯಲ್ಲಿ ಅವರದು ತುಳು. ಹೋಗುವಾಗ ಅವನು ಆಡುತ್ತಿದ್ದದ್ದೂ ತುಳುವೇ ಅಂತೆ. ಈಗ ಅಜ್ಜಿ ತುಳುವಿನಲ್ಲಿ ಕರೆದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಹೇಳುತ್ತಾನೆ ಎಂದರು. ಬಸ್ಸು ಬಂತು. ಆಕೆ ಅವನನ್ನು ತುಳುವಿನಲ್ಲಿ ಕರೆದರು; ಅವನು, ‘ಬಂದೆ’ ಎಂದ.